ಯಂತ್ರಕ್ಕಾಗಿ ಹಾಕಿದ ಹಳಿ, ಜನರಿಗಾಗಿ ಉಳಿದ ರೈಲು

ಕುಷಾಯಿಗೂಡ: ವಿದ್ಯುದ್ದೀಪದ ಗುಂಡಿಯನ್ನೊತ್ತುವ ನಮ್ಮಲ್ಲಿ, ಆ ಬೆಳಕನ್ನು ಹುಟ್ಟಿಸುವ ಯಂತ್ರಗಳು ಬೆಟ್ಟದ ಬುಡವನ್ನು ಸೇರಿದ ಬಗೆಯನ್ನು ವಿಚಾರಿಸುವವರು ವಿರಳ. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುಚ್ಛಕ್ತಿ ಹರಿಯಿತು. ಅದಕ್ಕಾಗಿ ಪರದೇಶದಿಂದ ಬಂದ ಭಾರಿ ಸಾಮಗ್ರಿಗಳನ್ನು ಮದ್ದೂರು ಸ್ಟೇಷನ್ನಿನಿಂದ ಆನೆಗಳೂ ಎತ್ತಿನ ಗಾಡಿಗಳೂ ಎಳೆದು ತಂದವು. ಕಾಲು ಶತಮಾನದ ತರುವಾಯ ಹಿಮಾಲಯದ ತಪ್ಪಲಿನಲ್ಲಿ ಇದೇ ಸಮಸ್ಯೆ ಎದುರಾದಾಗ, ರೈಲುಮಾರ್ಗವನ್ನೇ ಹಾಕಲಾಯಿತು.

ಅದೇ ಕಾಂಗಡಾ ಕಣಿವೆಯ ರೈಲು. ಊಹ್ಲ್ ನದಿಯ ನೀರಿನಿಂದ ಶಾನನ್ ಎಂಬಲ್ಲಿ ವಿದ್ಯುತ್ತನ್ನು ಉತ್ಪಾದಿಸಲು 1925ರಲ್ಲಿ ಪಂಜಾಬ್ ಸರಕಾರಕ್ಕೂ ಮಂಡಿ ಸಂಸ್ಥಾನಕ್ಕೂ 99 ವರ್ಷಗಳ ಒಪ್ಪಂದವಾಯಿತು. ಯೋಜನೆಯ ಸೂತ್ರಧಾರರು ಕರ್ನಲ್ ಬ್ಯಾಟಿ. ಯಂತ್ರಗಳನ್ನು ಸಾಗಿಸಲೆಂದು ಪಠಾಣ್‌ಕೋಟೆಯಿಂದ ಜೋಗಿಂದರ್‌ನಗರದವರೆಗೆ 164 ಕಿಲೋಮೀಟರ್ ಉದ್ದ ಹಳಿ ಹಾಸಿದರು. ಹಳಿಗಳ ನಡುವಣ ಅಂತರ ಎರಡೂವರೆ ಅಡಿ ಮಾತ್ರ. ಗುಡ್ಡವನ್ನು ಕೊರೆಯುವ ಬದಲು ಬಳಸಿ ಸಾಗುವುದೇ ಈ ಮಾರ್ಗದ ಜಾಣ್ಮೆ. ಆದುದರಿಂದ ಸುರಂಗಗಳು ಎರಡೇ. 1929ರ ಏಪ್ರಿಲ್‌ನಲ್ಲಿ ಪ್ರಯಾಣಿಕರ ಸಂಚಾರ ಆರಂಭವಾಯಿತು. ಜೋಗಿಂದರ್‌ನಗರದಿಂದ ಮುಂದಿನ ಕಡಿದಾದ ಏರಿನಲ್ಲಿ, ಉಕ್ಕಿನ ಹಗ್ಗದಿಂದ ಎಳೆಯುವ ಟ್ರಾಲಿಗಳು ಬರೋಟ್‌ವರೆಗೆ ಸಾಮಾನು ಹೊತ್ತವು. 1933ರಲ್ಲಿ 48,000 ಕಿಲೋವಾಟ್ ಶಕ್ತಿಯ ವಿದ್ಯುದಾಗಾರ ಉದ್ಘಾಟನೆಯಾಗಿ, ಲಾಹೋರಿನವರೆಗೆ ಬೆಳಕು ಮುಟ್ಟಿತು.

ಯಂತ್ರಗಳು ತಲಪಿದವು, ರೈಲಿನ ಮೊದಲ ಉದ್ದೇಶವೂ ಈಡೇರಿತು. 1942ರಲ್ಲಿ ಮಹಾಯುದ್ಧದ ನಿಮಿತ್ತ ನಗರೋಟಾದಿಂದ ಜೋಗಿಂದರ್‌ನಗರದವರೆಗಿನ ಹಳಿಗಳನ್ನು ಕಿತ್ತೊಯ್ದರು. ಯಂತ್ರವೊಂದೇ ಮುಖ್ಯವಾಗಿದ್ದರೆ ಕಥೆ ಅಲ್ಲಿಗೇ ಮುಗಿಯಬೇಕಿತ್ತು. ಆದರೆ ಸ್ವಾತಂತ್ರ್ಯ ಬಂದ ಮೇಲೆ, 1954ರಲ್ಲಿ, ಅದೇ ಭಾಗದಲ್ಲಿ ಪುನಃ ಹಳಿ ಹಾಸಿ ರೈಲು ಓಡಿಸಲಾಯಿತು. ಮುಂದೆ ಪೋಂಗ್ ಅಣೆಕಟ್ಟಿನ ಜಲಾಶಯಕ್ಕಾಗಿ 1973ರಲ್ಲಿ ಮಾರ್ಗದ ಒಂದು ಭಾಗ ಮುಚ್ಚಿತು. ಜಲವಿದ್ಯುತ್ತಿಗಾಗಿ ಹುಟ್ಟಿದ ರೈಲು ಮತ್ತೊಂದು ಜಲಾಶಯಕ್ಕೆ ದಾರಿ ಬಿಡಬೇಕಾದುದು ವಿಧಿಯ ವಿನೋದವೇ ಸರಿ! ಆಗಲೂ ಹಳಿಯನ್ನು ಬೇರೆ ಕಡೆಗೆ ತಿರುಗಿಸಿ 1976ರಲ್ಲಿ ಸಂಚಾರವನ್ನು ಪುನಃ ಕೂಡಿಸಿದರು.

2022ರ ಆಗಸ್ಟ್ 20ರಂದು ಪ್ರವಾಹಕ್ಕೆ ಸಿಕ್ಕಿ ಚಕ್ಕಿ ನದಿಯ ರೈಲುಸೇತುವೆ ಕುಸಿದು, ಪಠಾಣ್‌ಕೋಟೆಯ ಸಂಪರ್ಕ ಕಡಿಯಿತು. 2024ರಲ್ಲಿ ಹಳೆಯ ಒಪ್ಪಂದದ ಅವಧಿ ತೀರಿ, ವಿದ್ಯುದಾಗಾರದ ಒಡೆತನಕ್ಕಾಗಿ ಪಂಜಾಬ್ ಮತ್ತು ಹಿಮಾಚಲ ಪ್ರದೇಶಗಳ ವ್ಯಾಜ್ಯ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿತು.

ವಿದ್ಯುತ್ತಿಗೆ ಬೆಲೆ ಕಟ್ಟಬಹುದು, ವಿದ್ಯುದಾಗಾರಕ್ಕೆ ವಾರಸುದಾರರನ್ನು ನ್ಯಾಯಾಲಯ ಗೊತ್ತುಮಾಡಬಹುದು. ಕಡಿಮೆ ದರದ ಟಿಕೇಟಿನಲ್ಲಿ ಪೇಟೆಗೆ, ಕಚೇರಿಗೆ, ಕೂಲಿಗೆ ಹೋಗಿಬರುವ ಬಡವನ ಪಾಲಿಗೆ ರೈಲಿನ ಬೆಲೆ ಯಾವ ಲೆಕ್ಕಪುಸ್ತಕದಲ್ಲಿದೆ? ಹೊಟ್ಟೆಪಾಡಿಗಾಗಿ ಊರು ಬಿಟ್ಟು, ರಜೆ ಸಿಕ್ಕೊಡನೆ ರೈಲಿನ ವೇಳಾಪಟ್ಟಿ ನೋಡುವ ನಮಗೆ ಇದನ್ನು ಯಾರೂ ವಿವರಿಸಿ ಹೇಳಬೇಕಾಗಿಲ್ಲ.