ನೀರೊಳಗಿನ ನೊಣ: ಟ್ರೌಟ್ ಮೀನಿನ ಗಾಳವೂ ನಮ್ಮ ಹಳ್ಳಗಳೂ

ಬೆಳಗಿನ ಹೊತ್ತು ತೋಟದ ಅಂಚಿನಲ್ಲಿ ತರಗೆಲೆ ಕೆದರುವ ಕಾಡುಕೋಳಿಯನ್ನು ನೋಡದ ಬೆಳೆಗಾರರು ನಮ್ಮ ಸದಸ್ಯರಲ್ಲಿ ಯಾರೂ ಇರಲಾರರು. ಹುಂಜದ ಕೊರಳಿನ ಗರಿಯ ತುದಿಯಲ್ಲಿ ಮೇಣದ ಹನಿ ಬಿದ್ದು ಆರಿದಂತೆ ಒಂದು ಚುಕ್ಕೆ ಹೊಳೆಯುತ್ತದೆ. ದಕ್ಷಿಣ ಮತ್ತು ಮಧ್ಯ ಭಾರತದ ಈ ಬೂದು ಕಾಡುಕೋಳಿಗಲ್ಲದೆ ಬೇರೆ ಯಾವ ಕಾಡುಕೋಳಿಗೂ ಈ ಚುಕ್ಕೆ ಇಲ್ಲ. ಈ ಗರಿಗೆ ಇಂಗ್ಲೆಂಡ್, ಸ್ಕಾಟ್ಲೆಂಡುಗಳಲ್ಲಿ ಬಹುಕಾಲದಿಂದ ಬೇಡಿಕೆಯುಂಟು. ಟೋಪಿಗಲ್ಲ, ಮೀನಿನ ಗಾಳಕ್ಕೆ! ಡಂಕೆಲ್ಡ್ ಎಂಬ ಹೆಸರಾಂತ ಗಾಳದ ನೊಣಕ್ಕೆ ಮೈಯೆಲ್ಲ ಚಿನ್ನದ ಬಣ್ಣದ ಜರಿ, ಎರಡು ಕೆನ್ನೆಗೂ ನಮ್ಮ ಕಾಡುಕೋಳಿಯ ಒಂದೊಂದು ಗರಿ. ಹಿಂದೆ ಈ ಗರಿಗಾಗಿಯೇ ಹಕ್ಕಿಗಳನ್ನು ಕೊಂದು ಕೊರಳಿನ ಚರ್ಮವನ್ನು ಹಡಗಿನಲ್ಲಿ ಕಳುಹಿಸುತ್ತಿದ್ದರು. 1972ರ ವನ್ಯಜೀವಿ ಕಾಯಿದೆಯ ರಕ್ಷಣೆ ಈಗ ಇದಕ್ಕೆ ಇದೆ. ಅಲ್ಲಿಯವರು ತಮ್ಮಲ್ಲೇ ಸಾಕಿದ ಹಕ್ಕಿಗಳ ಗರಿಯಿಂದ ಕೆಲಸ ನಡೆಸುತ್ತಾರೆ.

ಈ ಮಾತನ್ನು ಎತ್ತಲು ಕಾರಣವಿದೆ. ಊಟಿ, ಮೂನ್ನಾರುಗಳಲ್ಲಿರುವ ಟ್ರೌಟ್ ಮೀನನ್ನು ನಮ್ಮ ಹಳ್ಳಗಳಲ್ಲೂ ಬಿಡಬಹುದೆ ಎಂದು ಸದಸ್ಯರಲ್ಲಿ ಕೆಲವರು ಕಛೇರಿಗೆ ಬಂದಾಗ ಕೇಳುತ್ತಿರುತ್ತಾರೆ. ಅದಕ್ಕೆ ಉತ್ತರ ಹೇಳುವ ಮೊದಲು ಆ ಮೀನು ತಿನ್ನುವುದೇನು, ಅದನ್ನು ಹಿಡಿಯುವವರು ಗಾಳಕ್ಕೆ ಗರಿ ಕಟ್ಟುವುದೇಕೆ ಎಂಬುದನ್ನು ತಿಳಿಯುವುದು ಒಳ್ಳೆಯದು.

ಎರೆಹುಳು ಚುಚ್ಚಿ, ಸೀಸದ ಗುಂಡು ಕಟ್ಟಿ, ದಡದಲ್ಲಿ ಕುಕ್ಕುರುಗಾಲಿನಲ್ಲಿ ಕೂತು ಬೀಡಿ ಹಚ್ಚುವುದು ನಮ್ಮ ಕಡೆಯ ಕ್ರಮ. ನೊಣದ ಗಾಳದಲ್ಲಿ ಹುಳುವೂ ಇಲ್ಲ, ಗುಂಡೂ ಇಲ್ಲ. ಚಿಕ್ಕ ಕೊಕ್ಕೆಗೆ ರೇಷ್ಮೆ ದಾರ ಸುತ್ತಿ, ಮೇಲೆ ಗರಿಯ ಒಂದೆರಡು ಸುತ್ತು ಕಟ್ಟಿದರೆ ಆಯಿತು. ಅದಕ್ಕೆ ತೂಕವೇ ಇಲ್ಲದ್ದರಿಂದ ಎಸೆದರೆ ದೂರ ಹೋಗದು. ಆದುದರಿಂದ ಹುರಿಯನ್ನೇ ದಪ್ಪವಾಗಿ, ತೂಕವಾಗಿ ಮಾಡುತ್ತಾರೆ. ಬಳುಕುವ ಕೋಲಿನಿಂದ ಹುರಿಯನ್ನು ಹಿಂದಕ್ಕೂ ಮುಂದಕ್ಕೂ ಬೀಸಿದಾಗ, ಹುರಿ ನೊಣವನ್ನು ಹೊತ್ತುಕೊಂಡು ಹೋಗಿ ನೀರಿನ ಮೇಲೆ ಇಳಿಸುತ್ತದೆ. ಈ ಉಪಾಯ ಹಳೆಯದು. ಮ್ಯಾಸಿಡೋನಿಯದ ಜನ ಕೊಕ್ಕೆಗೆ ಕೆಂಪು ಉಣ್ಣೆ ಸುತ್ತಿ, ಹುಂಜದ ಕೊರಳಡಿಯ ಎರಡು ಗರಿ ಕಟ್ಟಿ ಮೀನು ಹಿಡಿಯುತ್ತಿದ್ದರೆಂದು ಸುಮಾರು 1,800 ವರ್ಷಗಳ ಹಿಂದೆಯೇ ಈಲಿಯನ್ ಎಂಬ ರೋಮನ್ ಲೇಖಕ ಬರೆದಿಟ್ಟಿದ್ದಾನೆ. ಅಲ್ಲಿಯೂ ಹುಂಜವೇ!

ಈ ನೊಣಗಳಲ್ಲಿ ಎರಡು ಜಾತಿ. ಗಡುಸಾದ ಗರಿ ಕಟ್ಟಿ ನೀರಿನ ಮೇಲೆ ತೇಲುವಂತೆ ಮಾಡಿದ್ದು ಒಣ ನೊಣ. ಹೇಂಟೆಯ ಅಥವಾ ಪಾರ್ಟ್ರಿಜ್ ಹಕ್ಕಿಯ ಮೆದು ಗರಿ ಕಟ್ಟಿ, ನೀರು ಕುಡಿದು ಮುಳುಗುವಂತೆ ಮಾಡಿದ್ದು ಒದ್ದೆ ನೊಣ, ಅವರ ಮಾತಿನಲ್ಲಿ ವೆಟ್ ಫ್ಲೈ. ಯಾರ್ಕ್‌ಶೈರ್ ಕಡೆಯ ‘ಪಾರ್ಟ್ರಿಜ್ ಅಂಡ್ ಆರೆಂಜ್’ ಎಂಬುದು ಕಿತ್ತಳೆ ರೇಷ್ಮೆಯ ಮೈ, ಕಂದು ಗರಿಯ ಒಂದೆರಡು ಸುತ್ತು, ಇಷ್ಟೆ. ಕೈಯಲ್ಲಿ ಹಿಡಿದರೆ ಇದಕ್ಕೆ ಮೀನು ಬೀಳುವುದೆ ಎನಿಸುತ್ತದೆ. ನೀರಿಗೆ ಬಿದ್ದೊಡನೆ ಆ ಮೆದು ಗರಿಯ ಎಳೆಗಳು ಕಾಲುಗಳಂತೆ ಮಿಡುಕುತ್ತವೆ. ಅಂಗಡಿಯ ಜರಿ ನೊಣಗಳಿಗಿಂತ ಈ ಬಡ ನೊಣವೇ ನಮ್ಮ ದೃಷ್ಟಿಯಲ್ಲಿ ಹೆಚ್ಚಿನದು. ಡಂಕೆಲ್ಡ್ ಯಾವ ಹುಳುವನ್ನೂ ಹೋಲುವುದಿಲ್ಲ, ಹೊಳಪಿನಿಂದ ಮೀನನ್ನು ಕೆಣಕುವುದಷ್ಟೆ. ಇದು ಹುಳುವಿನಂತೆಯೇ ನಡೆದುಕೊಳ್ಳುತ್ತದೆ.

ಯಾವ ಹುಳು? ಇಲ್ಲಿದೆ ವಿಷಯದ ತಿರುಳು. ತೊರೆಯ ಮೇಲೆ ಸಂಜೆ ಹಾರಾಡುವ ಮೇಫ್ಲೈ, ಕ್ಯಾಡಿಸ್, ಸ್ಟೋನ್‌ಫ್ಲೈ ಮುಂತಾದ ಕೀಟಗಳು ತಮ್ಮ ಆಯುಷ್ಯದ ಬಹುಭಾಗವನ್ನು ಕಳೆಯುವುದು ನೀರಿನೊಳಗೆ, ಕಲ್ಲಿನ ಅಡಿಯಲ್ಲಿ. ಮೇಫ್ಲೈ ಮರಿಯಾಗಿ ತಿಂಗಳುಗಟ್ಟಲೆ, ಕೆಲವು ಜಾತಿಗಳಲ್ಲಿ ವರ್ಷಕ್ಕೂ ಮೀರಿ ನೀರಿನಲ್ಲಿದ್ದು, ರೆಕ್ಕೆ ಬಂದ ಮೇಲೆ ಬದುಕುವುದು ಕೆಲವು ಗಂಟೆ, ಹೆಚ್ಚೆಂದರೆ ಕೆಲವು ದಿನ. ಟ್ರೌಟ್ ಮೇಲಕ್ಕೆ ಹಾರಿ ನೊಣ ಹಿಡಿಯುವುದು ನಮ್ಮ ಕಣ್ಣಿಗೆ ಬೀಳುತ್ತದೆ; ಅದರ ಊಟದ ಬಹುಪಾಲು ನಡೆಯುವುದು ಕಾಣದ ಕಡೆ. ರೆಕ್ಕೆ ಬಿಚ್ಚಲು ಮೇಲಕ್ಕೇರುವ ಮರಿ, ಮುಳುಗಿ ಸತ್ತ ನೊಣ, ಪ್ರವಾಹದಲ್ಲಿ ಕಾಲು ಜಾರಿದ ಹುಳು, ಇವನ್ನೇ ಒದ್ದೆ ನೊಣ ಅನುಕರಿಸುತ್ತದೆ. ಹೊಳೆಗೆ ಅಡ್ಡವಾಗಿ, ಸ್ವಲ್ಪ ಕೆಳಮುಖವಾಗಿ ಎಸೆದು, ಪ್ರವಾಹ ಅದನ್ನು ಬಳಸಿ ತರುವಂತೆ ಬಿಡುವುದು ಸಾಮಾನ್ಯ ಕ್ರಮ. ಆ ಸುತ್ತು ಮುಗಿದು ನೊಣ ಮೇಲಕ್ಕೇಳುವ ಕ್ಷಣದಲ್ಲಿಯೇ ಮೀನು ಹಿಡಿಯುವುದು ಹೆಚ್ಚು, ಏಕೆಂದರೆ ನಿಜವಾದ ಮರಿಯೂ ಹಾಗೆಯೇ ಏಳುತ್ತದೆ. ಸ್ಕಾಟ್ಲೆಂಡಿನ ಡಬ್ಲ್ಯು. ಸಿ. ಸ್ಟೂವರ್ಟ್ 1857ರ ತನ್ನ ಪುಸ್ತಕದಲ್ಲಿ ಮೇಲ್ಮುಖವಾಗಿ ಎಸೆಯಬೇಕೆಂದು ವಾದಿಸಿದ. ಮೀನು ಪ್ರವಾಹಕ್ಕೆ ಎದುರಾಗಿ ಮುಖ ಮಾಡಿ ನಿಲ್ಲುವುದರಿಂದ ಹಿಂದಿನಿಂದ ಬರುವವನನ್ನು ಅದು ಕಾಣದು ಎಂಬುದು ಆತನ ಯುಕ್ತಿ. ಸರಿಯಾದ ಮಾತು.

ಇಂಗ್ಲೆಂಡಿನ ದಕ್ಷಿಣದ ಸುಣ್ಣಕಲ್ಲಿನ ಹೊಳೆಗಳಲ್ಲಿ ಮಾತ್ರ ದೊಡ್ಡ ಜಗಳವೇ ನಡೆಯಿತು. 1886ರಲ್ಲಿ ಹಾಲ್ಫೋರ್ಡ್ ತೇಲುವ ನೊಣದ ಬಗ್ಗೆ ಪುಸ್ತಕ ಬರೆದ ಮೇಲೆ ಒಣ ನೊಣವೇ ಸಭ್ಯರದು, ಮುಳುಗುವುದು ಕೀಳು ಎಂಬ ಮಡಿವಂತಿಕೆ ಬೆಳೆಯಿತು. ಮೀನಿಗೆ ಈ ಮಡಿ-ಮೈಲಿಗೆ ತಿಳಿಯದು. ಸ್ಕ್ಯೂಸ್ ಎಂಬ ವಕೀಲರು ಹಿಡಿದ ಮೀನಿನ ಹೊಟ್ಟೆಯಲ್ಲಿದ್ದುದನ್ನು ಚಮಚದಿಂದ ತೆಗೆದು, ಬಿಳಿಯ ತಟ್ಟೆಯ ನೀರಿಗೆ ಹಾಕಿ ಪರೀಕ್ಷಿಸಿದರು. ಸಿಕ್ಕಿದ್ದರಲ್ಲಿ ಬಹಳವು ರೆಕ್ಕೆ ಬಾರದ ಮರಿಗಳು. 1910ರಲ್ಲಿ ಅವರು ಪುಸ್ತಕ ಬರೆದು ಆ ಹೊಳೆಗಳಲ್ಲೂ ಮುಳುಗುವ ನೊಣ ಸಲ್ಲುತ್ತದೆ ಎಂದು ವಾದಿಸಿದರು. ವಾದ ಅಲ್ಲಿಗೆ ನಿಲ್ಲಲಿಲ್ಲ. 1938ರಲ್ಲಿ ಲಂಡನ್ನಿನಲ್ಲಿ ಈ ಕುರಿತು ಸಭೆಯೇ ನಡೆಯಿತು.

ಇನ್ನು ನಮ್ಮ ನಾಡಿನ ಮಾತು. ಟ್ರೌಟ್ ಇಲ್ಲಿಯ ಮೀನಲ್ಲ. 1860ರ ದಶಕದಲ್ಲಿ ಫ್ರಾನ್ಸಿಸ್ ಡೇ ನೀಲಗಿರಿಗೆ ತರಲು ಮಾಡಿದ ಪ್ರಯತ್ನ ಫಲಿಸಲಿಲ್ಲ. ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿ ಎಚ್. ಸಿ. ವಿಲ್ಸನ್ ಅವಲಾಂಚಿಯಲ್ಲಿ ಮರಿ ಮಾಡುವ ಕೇಂದ್ರ ಸ್ಥಾಪಿಸಿದ ಮೇಲೆ, ಅಮೆರಿಕದ ಪಶ್ಚಿಮ ತೀರದ ಮೂಲದ ರೇನ್‌ಬೋ ಟ್ರೌಟ್ ಅಲ್ಲಿ ನೆಲೆಸಿತು. ಅದು ಸಾವಿರಾರು ಅಡಿ ಎತ್ತರದ ಚಳಿ ನೀರು. ಸುಮಾರು 12ರಿಂದ 18 ಡಿಗ್ರಿ ಸೆಲ್ಸಿಯಸ್ ಈ ಮೀನಿಗೆ ಹಿತ. 20 ದಾಟಿದರೆ ಬಳಲುತ್ತದೆ, 25ರ ಹತ್ತಿರ ಬಂದರೆ ಉಳಿಯುವುದು ಕಷ್ಟ. ನೀರು ಬಿಸಿಯಾದಷ್ಟೂ ಅದರಲ್ಲಿ ಕರಗಿರುವ ಆಮ್ಲಜನಕ ಕಡಿಮೆಯಾಗುವುದೂ ಒಂದು ಕಾರಣ. ಮೂರು ಸಾವಿರ ಅಡಿಯ ನಮ್ಮ ಹಳ್ಳಗಳು ಮಾರ್ಚ್-ಏಪ್ರಿಲ್‌ನಲ್ಲಿ ಹೇಗಿರುತ್ತವೆ ಎಂಬುದನ್ನು ಸದಸ್ಯರಿಗೆ ಹೇಳಬೇಕಾಗಿಲ್ಲ. ಆದುದರಿಂದ ಟ್ರೌಟ್ ಮರಿಗೆ ಹಣ ಸುರಿಯಬೇಡಿ. ಬದುಕುವಷ್ಟು ತಂಪು ಇರುವ ಕಡೆಯೂ ಹೊರಗಿನ ಮೀನನ್ನು ಹಳ್ಳಕ್ಕೆ ಬಿಡುವುದು ತರವಲ್ಲ. ಅದು ನಮ್ಮ ಸಣ್ಣ ಮೀನುಗಳ ಮೇಲೆ ಬೀಳುತ್ತದೆ. ಗಾಳದವರಿಗೆ ನಮ್ಮ ಹೊಳೆಗಳಲ್ಲಿ ಮಹಸೀರ್ ಎಂಬ ದೊಡ್ಡ ಮೀನು ಮೊದಲೇ ಇತ್ತು. ದಕ್ಷಿಣ ಕನ್ನಡದಲ್ಲಿ ಅಧಿಕಾರಿಯಾಗಿದ್ದ ಎಚ್. ಎಸ್. ಥಾಮಸ್ ಅದರ ಬಗ್ಗೆ ವಿಸ್ತಾರವಾಗಿ ಬರೆದ ಪುಸ್ತಕ 1873ರಲ್ಲಿ ಮಂಗಳೂರಿನಲ್ಲೇ ಅಚ್ಚಾಯಿತು. ಕಾವೇರಿಯ ಕಿತ್ತಳೆ ರೆಕ್ಕೆಯ ಮಹಸೀರ್ ಮಾತ್ರ ಇಂದು ಅಳಿವಿನ ಅಂಚಿನಲ್ಲಿದೆ.

ಟ್ರೌಟ್ ಬಾರದಿದ್ದರೂ ಅದರ ಊಟ ನಮ್ಮಲ್ಲಿದೆ. ತೋಟದ ಹಳ್ಳದಲ್ಲಿ ನೀರು ಸದ್ದು ಮಾಡಿಕೊಂಡು ಹರಿಯುವ ಜಾಗದಲ್ಲಿ ಅಂಗೈಯಗಲದ ಕಲ್ಲನ್ನು ಎತ್ತಿ ಮಗುಚಿ ನೋಡಿ. ಚಪ್ಪಟೆಯಾಗಿ ಅಂಟಿಕೊಂಡು, ಕೂದಲಿನಂಥ ಮೂರು ಬಾಲವಿದ್ದರೆ ಸಾಮಾನ್ಯವಾಗಿ ಅದು ಮೇಫ್ಲೈ ಮರಿ. ಎರಡು ಬಾಲ, ಗಟ್ಟಿ ಕಾಲುಗಳಿದ್ದರೆ ಸ್ಟೋನ್‌ಫ್ಲೈ ಇರಬಹುದು. ತಂಪಾದ, ಶುದ್ಧವಾದ ನೀರಿಲ್ಲದೆ ಅದು ನಿಲ್ಲುವುದಿಲ್ಲ. ಮರಳಿನ ಕಣಗಳನ್ನು ಅಂಟಿಸಿ ಕಟ್ಟಿದ ಪುಟ್ಟ ಕೊಳವೆಯೊಳಗೆ ಹುಳುವಿದ್ದರೆ ಅದು ಕ್ಯಾಡಿಸ್. ಇವು ಯಾವುವೂ ಇಲ್ಲದೆ ಬರೀ ಕೆಂಪು ಹುಳು, ಲೋಳೆ ಇದ್ದರೆ ಮೇಲಿನಿಂದ ಏನೋ ಬರುತ್ತಿದೆ ಎಂದು ಅರ್ಥ.

ಏನು ಬರುತ್ತದೆ? ಎರಡು ಬಾಬ್ತು ನಮ್ಮವೇ. ಒಂದು ಪಲ್ಪರ್ ನೀರು. ಅದರಲ್ಲಿರುವ ಹಣ್ಣಿನ ಸಕ್ಕರೆ, ಲೋಳೆಗಳು ಕೊಳೆಯುವಾಗ ಹಳ್ಳದ ಆಮ್ಲಜನಕವನ್ನು ಹೀರಿಕೊಳ್ಳುತ್ತವೆ, ನೀರು ಹುಳಿಯಾಗುತ್ತದೆ. ಅದೂ ಹಳ್ಳ ಸೊರಗಿರುವ ಡಿಸೆಂಬರ್‌ನಿಂದ ಫೆಬ್ರವರಿಯ ಕಾಲದಲ್ಲೇ. ಇನ್ನೊಂದು ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣ. 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣದ ಲೆಕ್ಕ ಎಲ್ಲರಿಗೂ ಗೊತ್ತಿದೆ. ಅಡಿಕೆ ಗೊನೆಗೆ ಅದು ಬೇಕೇ ಬೇಕು, ಬಿಡಿ ಎನ್ನುವವರು ನಾವಲ್ಲ. ಆದರೆ ತಾಮ್ರವು ಮೀನಿಗೂ ಈ ಹುಳುಗಳಿಗೂ ಬಹಳ ಸ್ವಲ್ಪದಲ್ಲೇ ವಿಷ. ಹೊಡೆದು ಮುಗಿಸಿ ಡ್ರಮ್ಮು, ಪಂಪುಗಳನ್ನು ಹಳ್ಳಕ್ಕೇ ತಂದು ತೊಳೆಯುವ ಅಭ್ಯಾಸ ಹಲವು ತೋಟಗಳಲ್ಲಿದೆ. ತೊಳೆದ ನೀರು ದಡದಿಂದ ದೂರದ ಗುಂಡಿಗೆ ಹೋಗಲಿ. ಪಲ್ಪರ್ ನೀರನ್ನೂ ತೊಟ್ಟಿಯಲ್ಲಿ ನಿಲ್ಲಿಸಿ, ಸುಣ್ಣ ಹಾಕಿ ಹುಳಿ ಮುರಿದು, ಮುಂದಿನ ಶುದ್ಧೀಕರಣವಾಗದೆ ಹಳ್ಳಕ್ಕೆ ಬಿಡಬೇಡಿ.

ಈ ಬಾರಿ ಪಲ್ಪಿಂಗ್ ಶುರುವಾಗುವ ಮೊದಲೊಮ್ಮೆ, ಮುಗಿದ ಮೇಲೊಮ್ಮೆ ಕಲ್ಲು ಎತ್ತಿ ನೋಡಿ. ಪಲ್ಪರ್ ಮನೆಗಿಂತ ಮೇಲೆ ಮೂರು ಕಲ್ಲು, ಕೆಳಗೆ ಮೂರು ಕಲ್ಲು ಸಾಕು. ಬಿಳಿಯ ಪಿಂಗಾಣಿ ತಟ್ಟೆಯಲ್ಲಿ ಸ್ವಲ್ಪ ನೀರು ಹಾಕಿ ಹುಳುಗಳನ್ನು ಬಿಟ್ಟರೆ ಬಾಲ ಎಣಿಸಲು ಸುಲಭ. ಕಂಡದ್ದನ್ನು ತಾರೀಖಿನೊಡನೆ ಬರೆದು ಕಛೇರಿಗೆ ತಲುಪಿಸಿದರೆ, ಯಾವ ಹಳ್ಳದಲ್ಲಿ ಏನಿದೆ ಎಂಬುದನ್ನು ಮುಂದಿನ ಸಂಚಿಕೆಯಲ್ಲಿ ಹೆಸರುಗಳಿಲ್ಲದೆ ಪ್ರಕಟಿಸುತ್ತೇವೆ. ಎತ್ತಿದ ಕಲ್ಲನ್ನು ಮೊದಲಿದ್ದ ಮಗ್ಗುಲಿಗೇ ಇಟ್ಟು ಬರುವುದನ್ನು ಮಾತ್ರ ಮರೆಯಬಾರದು.