ಬೆಂಜೀನು: ಒಂದು ವಿಷದ್ರವದ ವರ್ಗನಿರ್ಣಯ

ಬೆಂಜೀನೆಂಬ ದ್ರವದ ಹೆಸರಿನಲ್ಲಿ ಲೋಬಾನದ ಹೊಗೆ ಅಡಗಿದೆ. ಸುಮಾತ್ರಾ ದ್ವೀಪದ ಕಡೆಯಿಂದ ಬರುತ್ತಿದ್ದ ಒಂದು ಪರಿಮಳದ ಅಂಟನ್ನು ಅರಬ್ಬೀ ವರ್ತಕರು 'ಲುಬಾನ್ ಜಾವಿ', ಎಂದರೆ ಜಾವಾದ ಧೂಪ, ಎಂದು ಕರೆಯುತ್ತಿದ್ದರು. ದಕ್ಷಿಣ ಯುರೋಪಿನ ಜನರು ಮೊದಲಿನ 'ಲು' ಎಂಬುದನ್ನು ತಮ್ಮ ಭಾಷೆಯ ನಿರ್ದೇಶಕ ಪದವೆಂದು ಭ್ರಮಿಸಿ ಬಿಟ್ಟುಬಿಡಲು, ಉಳಿದುದು ಕಾಲಕ್ರಮದಲ್ಲಿ 'ಬೆಂಜೊಯಿನ್' ಆಯಿತು. ಅದರಿಂದ ತೆಗೆದ ಆಮ್ಲವು ಬೆಂಜೋಯಿಕ್ ಆಮ್ಲವೆನಿಸಿತು. ಈ ಆಮ್ಲವನ್ನು ಸುಣ್ಣದೊಡನೆ ಕಾಯಿಸಿ ಜರ್ಮನಿಯ ಮಿಟ್ಶರ್ಲಿಖ್ 1833ರಲ್ಲಿ ಒಂದು ದ್ರವವನ್ನು ಪಡೆದು ಅದಕ್ಕೆ 'ಬೆನ್ಜಿನ್' ಎಂದು ಹೆಸರಿಟ್ಟನು. ಅದೇ ದ್ರವವನ್ನು ಫ್ಯಾರಡೆಯು 1825ರಲ್ಲಿಯೇ ದೀಪದ ಅನಿಲದ ಶೇಷದಿಂದ ಬೇರ್ಪಡಿಸಿದ್ದನು. ಹೀಗೆ ಮೂಲ ಪದದ ಮುಂಭಾಗವು ಕನ್ನಡದಲ್ಲಿ 'ಲೋಬಾನ'ವಾಗಿ ಉಳಿದರೆ, ಹಿಂಭಾಗವು ಕಾರ್ಖಾನೆಯ ಪೀಪಾಯಿಯ ಮೇಲೆ ಬಂದು ಕುಳಿತಿದೆ.

ಈ ಪದಚರಿತ್ರೆಯು ಕೇವಲ ಕುತೂಹಲದ ವಿಷಯವಲ್ಲ. ಲೀಬಿಗ್ ಪಂಡಿತನು ಹೆಸರನ್ನು 'ಬೆಂಜೋಲ್' ಎಂದು ತಿದ್ದಿದನು. ಜರ್ಮನರ ಮಾತಿನಲ್ಲಿ 'ಬೆನ್ಜಿನ್' ಎಂಬುದು ಮೋಟಾರು ಗಾಡಿಯ ಪೆಟ್ರೋಲಿಗೆ ಸಂದಿತು. ಇಂಗ್ಲಿಷಿನಲ್ಲಿಯೂ ಒಂದೇ ಉಚ್ಚಾರಣೆಯ ಎರಡು ಪದಗಳಿದ್ದು, ಒಂದು ಈ ದ್ರವವನ್ನೂ ಇನ್ನೊಂದು ಪೆಟ್ರೋಲಿಯಮ್ಮಿನ ಹಗುರವಾದ ಸಾರವನ್ನೂ ಹೇಳುತ್ತವೆ. ಬರಹದಲ್ಲಿ ಒಂದಕ್ಷರದ ಭೇದವಾದರೂ ಉಂಟು. ಕನ್ನಡ ಲಿಪಿಗೆ ತಂದಾಗ ಅದೂ ಅಳಿದು ಎರಡೂ 'ಬೆಂಜೀನ್' ಆಗುತ್ತವೆ. ಎರಡೂ ಉರಿಯುವ ದ್ರವಗಳೇ. ಆದರೆ ಎಲುಬಿನ ಮಜ್ಜೆಯನ್ನು ಕೆಡಿಸುವ ಪ್ರಸಿದ್ಧಿ ಇವುಗಳಲ್ಲಿ ಒಂದರದು. ವಿಷದ ವಿಷಯದಲ್ಲಿ ನಾಮಸಾಮ್ಯವೇ ಒಂದು ಕೇಡು. ಸಾಗಣೆಯ ಪೀಪಾಯಿಗಳ ಮೇಲೆ ಹೆಸರಿನೊಡನೆ 1114 ಎಂಬ ಸಂಯುಕ್ತ ರಾಷ್ಟ್ರಗಳ ಅಂಕೆಯನ್ನೂ ಬರೆಯುವುದರ ಪ್ರಯೋಜನವು ಇಂತಹ ಕಡೆ ತಿಳಿಯುತ್ತದೆ.

ಪದಾರ್ಥಗಳ ಕೇಡನ್ನು ವರ್ಗೀಕರಿಸುವ ಯತ್ನವು ಹೊಸದಲ್ಲ. ಸುಶ್ರುತಸಂಹಿತೆಯ ಕಲ್ಪಸ್ಥಾನವು ವಿಷಗಳನ್ನು ಸ್ಥಾವರ, ಜಂಗಮಗಳೆಂದು ವಿಭಾಗಿಸಿತು. ಕನ್ನಡದಲ್ಲಿಯೂ 14ನೆಯ ಶತಮಾನದ ಮಂಗರಾಜನು 'ಖಗೇಂದ್ರಮಣಿದರ್ಪಣ'ವೆಂಬ ವಿಷವೈದ್ಯ ಗ್ರಂಥವನ್ನು ರಚಿಸಿದನು. ಸ್ಥಾವರ, ಜಂಗಮವೆಂಬ ವಿಭಾಗಕ್ಕೆ ಆಧಾರವು ವಿಷವು ಎಲ್ಲಿಂದ ಬಂದಿತೆಂಬುದು. ಇಂದಿನ ವಿಭಾಗಕ್ಕೆ ಆಧಾರವು ಅದು ಏನು ಮಾಡುತ್ತದೆಂಬುದು. ಆದರೂ ಪ್ರಾಚೀನರು ಹೇಳಿದ 'ದೂಷೀವಿಷ'ವೆಂಬ ಭೇದವು, ಎಂದರೆ ಕೂಡಲೆ ಕೊಲ್ಲದೆ ವರ್ಷಗಟ್ಟಲೆ ದೇಹದಲ್ಲಿ ನಿಂತು ಕೆಡಿಸುವ ವಿಷವೆಂಬ ಕಲ್ಪನೆಯು, ಬೆಂಜೀನಿನ ವಿಚಾರದಲ್ಲಿ ಮರಳಿ ನೆನಪಿಗೆ ಬರುತ್ತದೆ. ದ್ರವವು ದೇಹದಲ್ಲಿ ಬಹುಕಾಲ ನಿಲ್ಲುವುದಿಲ್ಲ, ನಿಜ. ಅದು ಮಾಡಿದ ಕೇಡು ನಿಲ್ಲುತ್ತದೆ.

ಬೆಂಜೀನಿನ ಎರಡು ಮುಖಗಳಲ್ಲಿ ಬೆಂಕಿಯ ಮುಖವು ಮೊದಲು ಬಯಲಾಯಿತು. ಕಲ್ಲಿದ್ದಲ ಡಾಂಬರಿನಿಂದ ಇದನ್ನು ಹೇರಳವಾಗಿ ತೆಗೆಯುವ ಮಾರ್ಗವನ್ನು 1849ರ ಸುಮಾರಿಗೆ ತೋರಿಸಿಕೊಟ್ಟ ಚಾರ್ಲ್ಸ್ ಮ್ಯಾನ್ಸ್‌ಫೀಲ್ಡ್ ಎಂಬ ಆಂಗ್ಲ ರಸಾಯನಜ್ಞನು, 1855ರಲ್ಲಿ ಭಟ್ಟಿಯ ಪಾತ್ರೆಗೆ ಬೆಂಕಿ ಹತ್ತಲು, ಉರಿಯುತ್ತಿದ್ದ ಆ ಪಾತ್ರೆಯನ್ನು ಹೊರಕ್ಕೆ ಒಯ್ಯಹೋಗಿ ಸುಟ್ಟ ಗಾಯಗಳಿಂದ ಮೃತನಾದನು. ಈ ದ್ರವವು 80 ಡಿಗ್ರಿ ಸೆಲ್ಸಿಯಸ್ಸಿನಲ್ಲಿ ಕುದಿಯುತ್ತದೆ. ಆದರೆ ಶೂನ್ಯಕ್ಕಿಂತ 11 ಡಿಗ್ರಿ ಕೆಳಗಿನ ಚಳಿಯಲ್ಲಿಯೂ ಕಿಡಿ ತಾಗಿದರೆ ಹತ್ತಿಕೊಳ್ಳುವಷ್ಟು ಆವಿಯನ್ನು ಬಿಡುತ್ತದೆ. ಆ ಆವಿಯು ಗಾಳಿಗಿಂತ ಎರಡೂವರೆ ಪಾಲಿಗೂ ಹೆಚ್ಚು ಭಾರವಾದುದರಿಂದ ನೆಲದ ಮೇಲೆ ಹರಿದು ದೂರದ ಒಲೆಯವರೆಗೂ ಹೋಗಬಲ್ಲುದು.

ಎರಡನೆಯ ಮುಖವು ನಿಧಾನವಾಗಿ ಗೋಚರವಾಯಿತು. 1897ರಲ್ಲಿ ಸ್ವೀಡನ್ ದೇಶದ ಸಾಂಟೆಸ್ಸನ್ ಎಂಬ ವೈದ್ಯಪಂಡಿತನು, ಬೈಸಿಕಲ್ ಟೈರು ಮಾಡುವ ಕಾರ್ಖಾನೆಯ ಹೆಣ್ಣಾಳುಗಳಲ್ಲಿ ಮಜ್ಜೆಯು ರಕ್ತೋತ್ಪತ್ತಿಯನ್ನೇ ನಿಲ್ಲಿಸುವ ರೋಗವನ್ನು ಕಂಡು ಪ್ರಕಟಿಸಿದನು. 1928ರಲ್ಲಿ ಫ್ರಾನ್ಸಿನ ಡೆಲೋರ್, ಬೊರ್ಗೊಮಾನೊ ಎಂಬವರು ಬೆಂಜೀನಿನ ಸಂಪರ್ಕವಿದ್ದವನಲ್ಲಿ ರಕ್ತದ ಅರ್ಬುದವನ್ನು ವರ್ಣಿಸಿದರು. 1970ರ ದಶಕದಲ್ಲಿ ಇಸ್ತಾಂಬುಲಿನ ಅಕ್ಸೊಯ್ ಎಂಬ ವೈದ್ಯನು ಅಂಟಿನ ಆವಿಯಲ್ಲಿ ದುಡಿಯುತ್ತಿದ್ದ ಪಾದರಕ್ಷೆಯ ಕೆಲಸಗಾರರಲ್ಲಿ ಅದನ್ನೇ ಮತ್ತೆ ಮತ್ತೆ ಕಂಡನು. ಬೆಂಜೀನು ತಾನಾಗಿ ಅಷ್ಟು ಕ್ರೂರವಲ್ಲ. ಯಕೃತ್ತು ಅದನ್ನು ಹೊರಹಾಕುವ ಸಲುವಾಗಿ ಬೇರೆ ದ್ರವ್ಯಗಳಾಗಿ ಮಾರ್ಪಡಿಸುವಾಗ ಹುಟ್ಟುವ ಮರಿಗಳು ಮಜ್ಜೆಯನ್ನು ಕೆಡಿಸುತ್ತವೆ. ದೇಹವು ರಕ್ಷಣೆಗೆಂದು ಮಾಡಿದ ಕೆಲಸವೇ ಅದಕ್ಕೆ ಮುಳುವಾಗುತ್ತದೆ.

ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯು 1971ರಲ್ಲಿ ಬೆಂಜೀನಿಗಾಗಿಯೇ ಒಂದು ಒಡಂಬಡಿಕೆಯನ್ನು ಮಾಡಿ, ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ 25 ಪಾಲನ್ನು ಮಿತಿಯೆಂದು ಇಟ್ಟಿತು. ಅಮೆರಿಕದ ಸರಕಾರವು 1987ರಲ್ಲಿ ಎಂಟು ಗಂಟೆಯ ಕೆಲಸದ ಸರಾಸರಿಗೆ 1 ಪಾಲು ಎಂದಿತು. ಪದಾರ್ಥವು ಬದಲಾಗಲಿಲ್ಲ, ತಿಳಿವಳಿಕೆ ಬದಲಾಯಿತು. ಸಿಹಿಯಾದ ಇದರ ವಾಸನೆಯು ಮೂಗಿಗೆ ತಟ್ಟುವ ವೇಳೆಗೆ ಸಾಮಾನ್ಯವಾಗಿ ಈ ಮಿತಿಯು ಮೀರಿಹೋಗಿರುತ್ತದೆ.

ದೇಶಕ್ಕೊಂದು ಪದ್ಧತಿಯಿದ್ದ ಗೊಂದಲವನ್ನು ನೀಗಲು ಸಂಯುಕ್ತ ರಾಷ್ಟ್ರಗಳ ಸಂಸ್ಥೆಯು 2003ರಲ್ಲಿ ಪ್ರಕಟಿಸಿದ ಸಮನ್ವಿತ ವರ್ಗೀಕರಣದಲ್ಲಿ ಬೆಂಜೀನಿಗೆ ಒಂದಲ್ಲ, ಹಲವು ಸ್ಥಾನಗಳಿವೆ. ಉರಿಯುವ ದ್ರವಗಳಲ್ಲಿ ಅದು 2ನೆಯ ತರಗತಿ. ಅರ್ಬುದಕಾರಕಗಳಲ್ಲಿ 1-ಎ, ಮನುಷ್ಯರಲ್ಲಿಯೇ ಕಂಡ ಸಾಕ್ಷ್ಯವಿರುವ ದ್ರವ್ಯಗಳಿಗೆ ಈ ಸ್ಥಾನವು ಮೀಸಲು. ಬೀಜದ ವಂಶಗುಣವನ್ನು ಕೆಡಿಸುವುದರಲ್ಲಿ 1-ಬಿ. ಚರ್ಮಕ್ಕೂ ಕಣ್ಣಿಗೂ ಉರಿ. ಕೊಳವೆಯನ್ನು ಬಾಯಿಯಿಂದ ಎಳೆದು ದ್ರವವನ್ನು ಇಳಿಸುವ ಅಭ್ಯಾಸವುಳ್ಳವರಿಗೆ ಮುಖ್ಯವಾದುದು ಇನ್ನೊಂದುಂಟು: ನುಂಗಿದುದು ಶ್ವಾಸಕೋಶಕ್ಕೆ ಇಳಿದರೆ ಪ್ರಾಣಾಪಾಯ. ಆದುದರಿಂದಲೇ ನುಂಗಿದವನಿಗೆ ವಾಂತಿ ಮಾಡಿಸಬಾರದೆಂಬ ವಿಧಿ.

ಇಲ್ಲಿ ಓದುಗನು ಎಡವುವ ಸ್ಥಳಗಳು ಎರಡು. ಈ ಪದ್ಧತಿಯಲ್ಲಿ ಅಂಕೆ ಚಿಕ್ಕದಾದಷ್ಟೂ ಕೇಡು ದೊಡ್ಡದು. ಅಮೆರಿಕದ ಅಗ್ನಿರಕ್ಷಣಾ ಸಂಘದ ವಜ್ರಾಕೃತಿಯ ಫಲಕದಲ್ಲಿಯೋ 4 ಎಂಬುದೇ ಪರಮಾವಧಿ. ಆ ಫಲಕವು ಬೆಂಜೀನಿಗೆ ಬೆಂಕಿಯಲ್ಲಿ 3, ಆರೋಗ್ಯದಲ್ಲಿ ಬರಿಯ 2 ಕೊಡುತ್ತದೆ; ಏಕೆಂದರೆ ಅದು ಗಳಿಗೆಯ ಮಟ್ಟಿಗೆ ಒಳನುಗ್ಗುವ ಅಗ್ನಿಶಾಮಕನಿಗಾಗಿ ಬರೆದುದು, ಮೂವತ್ತು ವರ್ಷ ಅಲ್ಲಿಯೇ ದುಡಿಯುವವನಿಗಾಗಿ ಅಲ್ಲ. ಎರಡನೆಯದು ಚಿತ್ರ. ಬೆಂಜೀನಿನ ಚೀಟಿಯ ಮೇಲೆ ಜ್ವಾಲೆ, ಆಶ್ಚರ್ಯಸೂಚಕ ಚಿಹ್ನೆ, ಎದೆಯಲ್ಲಿ ನಕ್ಷತ್ರ ಒಡೆದಂತಿರುವ ಮನುಷ್ಯಾಕೃತಿ ಇರುತ್ತವೆ, ತಲೆಬುರುಡೆ ಇರುವುದಿಲ್ಲ. ಬುರುಡೆಯು ಕೂಡಲೆ ಕೊಲ್ಲುವ ವಿಷಕ್ಕೆ ಮಾತ್ರ. ಬುರುಡೆಯಿಲ್ಲದುದು ವಿಷವಲ್ಲವೆಂದು ಬಗೆಯುವವನಿಗೆ ಆ ಮನುಷ್ಯಾಕೃತಿಯ ಅರ್ಥವನ್ನು ಯಾರಾದರೂ ಹೇಳಿಕೊಡಬೇಕು.

ಮಿಶ್ರಣಗಳಿಗೂ ಈ ನಿಯಮವು ಹಬ್ಬುತ್ತದೆ. ಇಂತಹ ಅರ್ಬುದಕಾರಕವು ನೂರಕ್ಕೆ 0.1ರಷ್ಟು ಸೇರಿದ್ದರೆ ಮಿಶ್ರಣವೂ ಅದೇ ವರ್ಗಕ್ಕೆ ಸೇರುತ್ತದೆ. ಭಾರತದಲ್ಲಿ ಮಾರುವ ಪೆಟ್ರೋಲಿನಲ್ಲಿ ಬೆಂಜೀನಿಗಿರುವ ಮಿತಿ ನೂರಕ್ಕೆ 1.

ಇನ್ನುಳಿದುದು ಕನ್ನಡದ ಪದಗಳ ಪ್ರಶ್ನೆ. ಪದಾರ್ಥದಲ್ಲಿ ಹುಟ್ಟಿನಿಂದಲೇ ಇರುವ ಕೇಡಿನ ಗುಣವು ಒಂದು; ಆ ಕೇಡು ಒಬ್ಬನಿಗೆ ತಟ್ಟುವ ಸಂಭವವು ಇನ್ನೊಂದು. ಬುಟ್ಟಿಯೊಳಗಿನ ನಾಗರಹಾವಿನ ಹಲ್ಲಿನಲ್ಲಿ ವಿಷವು ಯಾವಾಗಲೂ ಉಂಟು. ಮುಚ್ಚಳ ತೆರೆದಾಗಲೇ ಕಚ್ಚುವ ಸಂಭವ. ವರ್ಗೀಕರಣವು ಹೇಳುವುದು ಮೊದಲನೆಯದನ್ನು ಮಾತ್ರ. ಕನ್ನಡದಲ್ಲಿ ಎರಡಕ್ಕೂ 'ಅಪಾಯ' ಎಂದೇ ಬರೆಯುವ ರೂಢಿಯಿದೆ. ಸಾಲದೆಂಬಂತೆ ಚೀಟಿಯ ಮೇಲಿನ ಎರಡು ಸಂಕೇತಪದಗಳಲ್ಲಿ ಉಗ್ರವಾದುದಕ್ಕೂ ಅದೇ ಪದ. ಹೀಗೆ ಮೂರು ಅರ್ಥಗಳ ಭಾರವನ್ನು ಒಂದು ಪದವು ಹೊರುತ್ತಿದೆ. ಗುಣಕ್ಕೆ 'ಕೇಡುಗುಣ'ವೆಂದೂ ಸಂಭವಕ್ಕೆ 'ಕೇಡಿನ ಸಂಭವ'ವೆಂದೂ ಹೇಳಿ, 'ಅಪಾಯ'ವನ್ನು ಚೀಟಿಯ ಉಗ್ರಸಂಕೇತಕ್ಕೂ 'ಎಚ್ಚರಿಕೆ'ಯನ್ನು ಸೌಮ್ಯಸಂಕೇತಕ್ಕೂ ಮೀಸಲಿಡುವುದು ಯುಕ್ತವಾಗಿ ತೋರುತ್ತದೆ. ಬೆಂಜೀನಿನ ಚೀಟಿಯ ಮೇಲೆ ಇರತಕ್ಕ ಪದ 'ಅಪಾಯ'.