ನಿವೃತ್ತ ಯೋಧರ ಮುಂದಿನ ಕಾಯಕ: ಊರಿನ ನೆಮ್ಮದಿ

ಬ್ಯಾಡಗಿ ತಾಲ್ಲೂಕಿನ ಮೋಟೆಬೆನ್ನೂರಿಗೆ ದೇಶಸೇವೆಯ ಪಾಠವನ್ನು ಹೊರಗಿನಿಂದ ತರಬೇಕಾಗಿಲ್ಲ. 1911ರಲ್ಲಿ ಇಲ್ಲಿ ಜನಿಸಿದ ಮೈಲಾರ ಮಹಾದೇವರು 1930ರ ದಂಡಿ ಯಾತ್ರೆಯಲ್ಲಿ ಗಾಂಧೀಜಿಯವರೊಡನೆ ಹೆಜ್ಜೆ ಹಾಕಿದರು. 1943ರ ಏಪ್ರಿಲ್ 1ರಂದು ಹೊಸರಿತ್ತಿಯಲ್ಲಿ ಗುಂಡಿಗೆ ಎದೆಯೊಡ್ಡಿದರು. ಆ ಎರಡು ದಿನಗಳನ್ನು ನಾವು ಸ್ಮರಿಸುತ್ತೇವೆ. ಅವುಗಳ ನಡುವೆ ಕೊರಡೂರಿನಲ್ಲಿ ಸೇವಾಶ್ರಮ ಕಟ್ಟಿ, ಖಾದಿಯನ್ನು ಮನೆಮನೆಗೆ ಮುಟ್ಟಿಸಿದ ವರ್ಷಗಳನ್ನು ಅಷ್ಟಾಗಿ ನೆನೆಯುವುದಿಲ್ಲ. ಊರಿನೊಳಗೆ ಸದ್ದಿಲ್ಲದೆ ನಡೆದ ಆ ಕಾರ್ಯವೂ ದೇಶಸೇವೆಯೇ ಆಗಿತ್ತು.

ಸೇನೆಯಿಂದ ನಿವೃತ್ತರಾಗಿ ಬಂದ ಯೋಧರ ವಿಷಯದಲ್ಲಿಯೂ ಈ ಮಾತು ಸಲ್ಲುತ್ತದೆ. ನಮ್ಮ ಸೈನಿಕರಲ್ಲಿ ಬಹುತೇಕರು ಹದಿನೇಳರಿಂದ ಇಪ್ಪತ್ತು ವರ್ಷ ಸೇವೆ ಸಲ್ಲಿಸಿ, ಇನ್ನೂ ನಲವತ್ತರ ಆಸುಪಾಸಿನಲ್ಲಿರುವಾಗಲೇ ಊರಿಗೆ ಮರಳುತ್ತಾರೆ. ಮೆರವಣಿಗೆ, ಸನ್ಮಾನ, ಶಾಲು, ಹಾರಗಳೆಲ್ಲವೂ ಆಗುತ್ತವೆ. ಮರುದಿನದಿಂದ ಅವರ ಅನುಭವವನ್ನು ಊರು ಕೇಳುವುದೇ ಇಲ್ಲ. ಭದ್ರತಾ ಸಿಬ್ಬಂದಿಯ ಕೆಲಸವೋ, ಒಕ್ಕಲುತನವೋ ಅವರ ಪಾಲಿಗೆ ಉಳಿಯುತ್ತದೆ.

ಊರಿಗೆ ಅವರು ಬೇಕಾಗಿರುವುದಾದರೂ ಏತಕ್ಕೆ? 2008ರ ಜೂನ್ 10ರಂದು ಹಾವೇರಿಯಲ್ಲಿ ಗೊಬ್ಬರಕ್ಕಾಗಿ ನೆರೆದ ರೈತರ ಮೇಲೆ ಗೋಲಿಬಾರ್ ನಡೆದು ರೈತರ ಪ್ರಾಣ ಹೋಯಿತು. 2024ರ ಮಾರ್ಚ್ 11ರಂದು ಮೆಣಸಿನಕಾಯಿಯ ಬೆಲೆ ಕುಸಿದಾಗ ಬ್ಯಾಡಗಿ ಮಾರುಕಟ್ಟೆಯಲ್ಲಿ ಕಚೇರಿಗೂ ವಾಹನಗಳಿಗೂ ಬೆಂಕಿ ಬಿದ್ದಿತು. ಎರಡು ಸಂದರ್ಭಗಳಲ್ಲಿಯೂ ರೈತರ ಸಂಕಟ ಸತ್ಯವಾಗಿತ್ತು. ಆದರೆ ಗುಂಪು ಒಂದು ಕಡೆ, ಅಧಿಕಾರ ಇನ್ನೊಂದು ಕಡೆ ನಿಂತಾಗ ಇಬ್ಬರೂ ನಂಬುವಂತಹ ವ್ಯಕ್ತಿ ನಡುವೆ ಇರಬೇಕಾಗುತ್ತದೆ. ಅಂತಹ ನಂಬಿಕೆ ಗಲಭೆಯ ದಿನ ಹುಟ್ಟುವುದಿಲ್ಲ. ಹತ್ತಾರು ವರ್ಷ ಬದುವಿನ ಜಗಳ, ಬಂಡಿದಾರಿಯ ತಕರಾರು, ಅಣ್ಣತಮ್ಮಂದಿರ ಪಾಲಿನ ವ್ಯಾಜ್ಯಗಳನ್ನು ತಾಳ್ಮೆಯಿಂದ ಕೇಳಿದವರಿಗೆ ಮಾತ್ರ ಅದು ದೊರೆಯುತ್ತದೆ.

ಯೋಧನಿಗೆ ಇಲ್ಲಿ ಎರಡು ಅನುಕೂಲಗಳಿವೆ. ಊರಿನ ಪಂಗಡಗಳು ಬೆಳೆದ ಕಾಲದಲ್ಲಿ ಆತ ದೂರವಿದ್ದುದರಿಂದ ಯಾರ ಋಣವೂ ಅಷ್ಟಾಗಿ ಅವನ ಮೇಲಿರುವುದಿಲ್ಲ. ಅಲ್ಲದೆ ಹಲವು ಜಾತಿ, ಭಾಷೆ, ಮತಗಳವರೊಡನೆ ಒಂದೇ ಅಡುಗೆಮನೆಯ ಊಟ ಮಾಡಿ ಬಂದವನು ಆತ. ಸೇನೆಯ ಅನೇಕ ನೆಲೆಗಳಲ್ಲಿ ಎಲ್ಲ ಮತಗಳ ಆರಾಧನೆಗೂ ಒಂದೇ ಸೂರಿನಡಿ ‘ಸರ್ವಧರ್ಮ ಸ್ಥಳ’ವಿರುತ್ತದೆ. ಪಂಕ್ತಿಭೇದವಿಲ್ಲದ ದಾಸೋಹವನ್ನು ನಾವು ಮಠದಲ್ಲಿ ಕಂಡರೆ, ಅವರು ಗಡಿಯ ಬಂಕರಿನಲ್ಲಿ ಕಂಡಿದ್ದಾರೆ.

ಯೋಧನೊಬ್ಬ ಶಾಂತಿಯ ಕಾಯಕ ಕೈಗೊಂಡುದಕ್ಕೆ ಕನ್ನಡ ನಾಡಿನ ಶ್ರೇಷ್ಠ ನಿದರ್ಶನ ಕೊಡಗಿನ ಜನರಲ್ ಕೆ.ಎಸ್. ತಿಮ್ಮಯ್ಯನವರು. ಕೊರಿಯಾ ಯುದ್ಧ ನಿಂತ ಮೇಲೆ, ಸ್ವದೇಶಕ್ಕೆ ಮರಳಲು ಒಪ್ಪದ 22 ಸಾವಿರಕ್ಕೂ ಹೆಚ್ಚು ಯುದ್ಧಕೈದಿಗಳ ಹೊಣೆ ಹೊತ್ತ ತಟಸ್ಥ ರಾಷ್ಟ್ರಗಳ ಆಯೋಗಕ್ಕೆ ಅವರು ಅಧ್ಯಕ್ಷರಾಗಿದ್ದರು. 1961ರಲ್ಲಿ ಭೂಸೇನೆಯ ಮುಖ್ಯಸ್ಥರಾಗಿ ನಿವೃತ್ತರಾದರು. ವಿಶ್ರಾಂತಿಯ ಕಾಲದಲ್ಲಿಯೇ ಸೈಪ್ರಸ್ ದ್ವೀಪದಿಂದ ಕರೆ ಬಂದಿತು. ಅಲ್ಲಿ ಗ್ರೀಕ್ ಮೂಲದವರೂ ತುರ್ಕಿ ಮೂಲದವರೂ ನೆರೆಹೊರೆಯಲ್ಲಿದ್ದುಕೊಂಡೇ ಪರಸ್ಪರ ರಕ್ತ ಹರಿಸುತ್ತಿದ್ದರು. 1964ರ ಜುಲೈನಲ್ಲಿ ತಿಮ್ಮಯ್ಯನವರು ವಿಶ್ವಸಂಸ್ಥೆಯ ಶಾಂತಿಪಡೆಯ ನಾಯಕತ್ವ ವಹಿಸಿದರು. ಆ ಪಡೆಯ ಕೆಲಸವನ್ನು ನೋಡಿದರೆ ನಮ್ಮ ಹಳ್ಳಿಗಳ ನೆನಪಾಗುತ್ತದೆ: ದಾರಿಯ ತಂಟೆ. ನಿಕೋಸಿಯಾದಿಂದ ಕೈರೀನಿಯಾಕ್ಕೆ ಹೋಗುವ ರಸ್ತೆ ಒಂದು ಪಕ್ಷದವರ ಹಿಡಿತದಲ್ಲಿತ್ತು. ಇನ್ನೊಂದು ಪಕ್ಷದ ಜನ ಶಾಂತಿಪಡೆಯ ಬೆಂಗಾವಲಿನಲ್ಲಿ ಅಲ್ಲಿ ಸಂಚರಿಸುವ ಏರ್ಪಾಡಾಯಿತು. ದ್ವೀಪದ ದೊಡ್ಡ ವಿವಾದ ಬಗೆಹರಿಯಲಿಲ್ಲ, ಇಂದಿಗೂ ಬಗೆಹರಿದಿಲ್ಲ. ಆದರೂ ಜನ ಓಡಾಡಿದರು. 1965ರ ಡಿಸೆಂಬರ್ 18ರಂದು ತಿಮ್ಮಯ್ಯನವರು ಅದೇ ಕರ್ತವ್ಯದಲ್ಲಿದ್ದಾಗಲೇ ಕೊನೆಯುಸಿರೆಳೆದರು. ಸೈಪ್ರಸ್ ಸರ್ಕಾರ ಅವರ ಸ್ಮರಣೆಗೆ ಅಂಚೆಚೀಟಿ ಹೊರತಂದಿತು.

ಶಾಂತಿಪಡೆಗೆ ಮೂರು ನಿಯಮಗಳಿವೆ. ಉಭಯ ಪಕ್ಷಗಳ ಸಮ್ಮತಿಯಿಂದ ಪ್ರವೇಶಿಸುವುದು. ಯಾವ ಕಡೆಗೂ ವಾಲದಿರುವುದು. ಆತ್ಮರಕ್ಷಣೆ ಮತ್ತು ವಹಿಸಿದ ಹೊಣೆಯ ರಕ್ಷಣೆಗಲ್ಲದೆ ಬಲಪ್ರಯೋಗ ಮಾಡದಿರುವುದು. ಹಳ್ಳಿಯ ಕಟ್ಟೆಯ ಮೇಲೆ ಕುಳಿತು ವ್ಯಾಜ್ಯ ಕೇಳುವವರಿಗೂ ಇವು ಸಾಕು. ಮೂರನೆಯದು ಯೋಧರಿಗೆ ಕಠಿಣವಾದುದು, ಏಕೆಂದರೆ ಆಜ್ಞೆ ಮಾಡಿ ರೂಢಿಯಾಗಿರುತ್ತದೆ. 1975ರಲ್ಲಿ ಸೇನೆಯಿಂದ ನಿವೃತ್ತರಾದ ಅಣ್ಣಾ ಹಜಾರೆಯವರು ಮಹಾರಾಷ್ಟ್ರದ ರಾಳೇಗಣಸಿದ್ಧಿಯಲ್ಲಿ ದೇವಾಲಯದ ಜೀರ್ಣೋದ್ಧಾರದಿಂದ ಕೆಲಸ ಆರಂಭಿಸಿ, ಮಳೆನೀರನ್ನು ಹಿಡಿದಿಟ್ಟು, ಬರದ ಊರನ್ನು ಹಸಿರಾಗಿಸಿದರು. ಅದೇ ಊರಿನಲ್ಲಿ ಕುಡುಕರನ್ನು ಕಂಬಕ್ಕೆ ಕಟ್ಟಿ ಹೊಡೆದದ್ದೂ ಉಂಟು. ಮೊದಲನೆಯದು ಅನುಕರಣೀಯ, ಎರಡನೆಯದು ಅಲ್ಲ. ದಯೆಯನ್ನು ಧರ್ಮದ ಮೂಲವೆಂದು ಬಗೆದ ಶರಣರ ದಾರಿಯಲ್ಲಿ ಹೊಡೆತಕ್ಕೆ ಸ್ಥಾನವಿಲ್ಲ.

ನಮ್ಮ ತಾಲ್ಲೂಕಿನ ಕಾಗಿನೆಲೆಯೂ ಇಲ್ಲಿ ನೆನಪಾಗುತ್ತದೆ. ಬಾಡದ ದಂಡನಾಯಕರಾಗಿದ್ದವರು ಯುದ್ಧದ ಬಳಿಕ ಆಯುಧ ತ್ಯಜಿಸಿ ಕನಕದಾಸರಾದರೆಂದು ಪರಂಪರೆ ಹೇಳುತ್ತದೆ. ಅವರ ‘ರಾಮಧಾನ್ಯ ಚರಿತೆ’ಯಲ್ಲಿ ಅಕ್ಕಿಗೂ ರಾಗಿಗೂ ಹಿರಿತನದ ಜಗಳ. ಶ್ರೀರಾಮ ಒಡನೆಯೇ ತೀರ್ಪು ಕೊಡುವುದಿಲ್ಲ. ಆರು ತಿಂಗಳು ಎರಡನ್ನೂ ಸೆರೆಯಲ್ಲಿಟ್ಟು ಕಾಯುತ್ತಾನೆ. ಅವಸರದ ತೀರ್ಪಿನ ಅಪಾಯ ರಣರಂಗ ಕಂಡವರಿಗೆ ಗೊತ್ತಿರುತ್ತದೆ.

ಮಧ್ಯಸ್ಥಿಕೆಗೆ ಮಿತಿಯೂ ಉಂಟು. ಅತ್ಯಾಚಾರ, ಬಾಲ್ಯವಿವಾಹ, ಜಾತಿ ದೌರ್ಜನ್ಯಗಳನ್ನು ಕಟ್ಟೆಯ ಮೇಲೆ ‘ರಾಜಿ’ ಮಾಡುವುದು ಶಾಂತಿಯಲ್ಲ. ಅವು ಪೊಲೀಸರಿಗೂ ನ್ಯಾಯಾಲಯಕ್ಕೂ ಸೇರಿದವು. ದುರ್ಬಲನ ಬಾಯಿ ಮುಚ್ಚಿಸಿ ತಂದ ಮೌನವನ್ನು ನೆಮ್ಮದಿ ಎಂದು ಕರೆಯಲಾಗದು. ಹೊಲ, ನೀರು, ದಾರಿ, ಸಾಲ, ಪಾಲುಗಳ ವಿಷಯದಲ್ಲಿ ಮಾತ್ರ ಹಿರಿಯರ ಮಾತು ಫಲಿಸುತ್ತದೆ. ಸಿರಿಗೆರೆಯ ತರಳಬಾಳು ಮಠದಲ್ಲಿ ಸೋಮವಾರ ನಡೆಯುವ ಸದ್ಧರ್ಮ ನ್ಯಾಯಪೀಠದ ಮುಂದೆ ಇಂತಹ ವ್ಯಾಜ್ಯಗಳನ್ನು ಹೊತ್ತು ಜನ ದೂರದಿಂದ ಬರುವುದನ್ನು ಭಕ್ತರು ಬಲ್ಲರು. 2023ರ ಮಧ್ಯಸ್ಥಿಕೆ ಕಾಯ್ದೆಯಲ್ಲಿಯೂ ನೆರೆಹೊರೆಯ ಶಾಂತಿಗೆ ಧಕ್ಕೆ ತರುವ ವಿವಾದಗಳಿಗಾಗಿ ಸಮುದಾಯ ಮಧ್ಯಸ್ಥಿಕೆಯ ಅಧ್ಯಾಯವೊಂದಿದೆ: ಉಭಯ ಪಕ್ಷಗಳ ಪೂರ್ವಸಮ್ಮತಿ ಬೇಕು, ಮೂವರು ಮಧ್ಯಸ್ಥರಿರಬೇಕು, ಸಮುದಾಯದ ಗೌರವಾನ್ವಿತರಿಗೆ ಅಲ್ಲಿ ಸ್ಥಾನವುಂಟು. ತಾಲ್ಲೂಕು ಕಾನೂನು ಸೇವಾ ಸಮಿತಿಯ ಸಂಪರ್ಕದಲ್ಲಿದ್ದರೆ ಯಾವುದು ತಮ್ಮಿಂದಾಗದು ಎಂಬುದೂ ಯೋಧರಿಗೆ ತಿಳಿಯುತ್ತದೆ. ಚುನಾವಣೆಯಲ್ಲಿ ಒಂದು ಪಕ್ಷದ ಬಾವುಟ ಹಿಡಿದ ದಿನವೇ ಈ ಕಾಯಕದ ಅರ್ಹತೆ ಕರಗುತ್ತದೆ ಎಂಬುದನ್ನು ಮಾತ್ರ ಯಾವ ಕಾಯ್ದೆಯೂ ಹೇಳುವುದಿಲ್ಲ.

ಈ ವಿಚಾರಕ್ಕೆ ಈಗ ತುರ್ತೂ ಇದೆ. 2022ರ ಅಗ್ನಿಪಥ ಯೋಜನೆಯಂತೆ ಸೇರಿದ ತರುಣರಲ್ಲಿ ಗರಿಷ್ಠ ಶೇ. 25ರಷ್ಟು ಮಂದಿಯನ್ನು ಸೇನೆ ಉಳಿಸಿಕೊಳ್ಳುತ್ತದೆ. ಉಳಿದವರು ನಾಲ್ಕು ವರ್ಷ ಮುಗಿಸಿ, ಮೀಸೆ ಚಿಗುರಿದ ವಯಸ್ಸಿನಲ್ಲಿಯೇ ಮನೆಗೆ ಮರಳುತ್ತಾರೆ. ಶಿಸ್ತು ಕಲಿತ, ಕೈಯಲ್ಲಿ ಕೆಲಸವಿಲ್ಲದ ಆ ಮಕ್ಕಳನ್ನು ಮೊದಲು ಕರೆದು ಕೂರಿಸಿಕೊಳ್ಳುವವರು ಊರಿನ ಹಿರಿಯ ಮಾಜಿ ಸೈನಿಕರೋ, ಪುಂಡರ ಗುಂಪುಗಳೋ ಎಂಬುದನ್ನು ನಮ್ಮ ಊರುಗಳೇ ನಿರ್ಧರಿಸಬೇಕಾಗಿದೆ.